ಬೆಂಕಿಯ ಬೆಟ್ಟದಲ್ಲಿ ಅಷ್ಟು ಹಸಿರು, ಮರಡಿಹಳ್ಳಿಯಲ್ಲಿ ಏಕಿಲ್ಲ?

ಪ್ರಶ್ನೆ: ನಾನು ಹಿರಿಯೂರು ತಾಲ್ಲೂಕಿನವನು, ದಾವಣಗೆರೆಯಲ್ಲಿ ನೌಕರಿ. ಫ್ರಾನ್ಸ್‌ನಲ್ಲಿ ಓದುತ್ತಿರುವ ಮಗಳು ರಜೆಯಲ್ಲಿ ರಿಯೂನಿಯನ್ ದ್ವೀಪಕ್ಕೆ ಹೋಗಿ ಚಿತ್ರಗಳನ್ನು ಕಳುಹಿಸಿದ್ದಾಳೆ. ಜ್ವಾಲಾಮುಖಿ ಎಂದರೆ ಸುಟ್ಟು ಕರಕಲಾದ ನೆಲ ಎಂದುಕೊಂಡಿದ್ದೆ. ಚಿತ್ರಗಳಲ್ಲಿ ನೋಡಿದರೆ ಮಲೆನಾಡನ್ನೂ ಮೀರಿಸುವ ಹಸಿರು, ಹೆಜ್ಜೆಗೊಂದು ಜಲಪಾತ. ಲಾವಾದಿಂದಾದ ಮಣ್ಣು ಫಲವತ್ತು, ಅದಕ್ಕೇ ಹಸಿರು ಎನ್ನುತ್ತಾಳೆ ಮಗಳು. ಹಾಗಿದ್ದರೆ ನಮ್ಮ ಮರಡಿಹಳ್ಳಿಯಲ್ಲೂ ಲಾವಾ ಇದೆಯಲ್ಲ, ಅಲ್ಲೇಕೆ ಕುರುಚಲು ಮುಳ್ಳುಗಿಡಗಳು ಮಾತ್ರ? ನಾವೂ ಒಮ್ಮೆ ಹೋಗಿಬರಬೇಕೆಂದಿದ್ದೇವೆ. ಯಾವಾಗ ಹೋಗುವುದು, ಏನನ್ನು ನೋಡುವುದು?

ಉತ್ತರ:

ನಿಮ್ಮ ಮಗಳ ಮಾತು ಅರ್ಧ ಸರಿ. ಲಾವಾ ಕರಗಿ ಮಣ್ಣಾದರೆ ಬೆಳೆಗೆ ಒಳ್ಳೆಯದು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಆ ದ್ವೀಪವನ್ನು ಹಸಿರಾಗಿಸಿರುವುದು ಲಾವಾದ ಗುಣಕ್ಕಿಂತ ಹೆಚ್ಚಾಗಿ ಲಾವಾ ಕಟ್ಟಿದ ಎತ್ತರ. ಇದಕ್ಕೆ ಸಾಕ್ಷಿಯನ್ನು ಹುಡುಕಿಕೊಂಡು ಹಿರಿಯೂರಿನವರೆಗೆ ಬರಬೇಕಾಗಿಲ್ಲ. ಅದೇ ದ್ವೀಪದ ಪಶ್ಚಿಮ ತೀರಕ್ಕೆ ಹೋದರೆ ಸಾಕು. ಅಲ್ಲಿಯೂ ಇರುವುದು ಲಾವಾವೇ. ಆದರೆ ಸೇನ್-ಜಿಲ್ ಎಂಬ ಊರಿನ ಸುತ್ತ ವರ್ಷದ ಹೆಚ್ಚಿನ ಕಾಲ ಹುಲ್ಲು ಒಣಗಿ ಹಳದಿಯಾಗಿರುತ್ತದೆ, ನೆಲ ಕುರುಚಲು. ಪ್ರವಾಸಿಗರು ಅಲ್ಲಿಗೆ ಹೋಗುವುದು ಬಿಸಿಲು ಕಾಯಿಸಿಕೊಳ್ಳಲು. ಹಾಗಾಗಿ ಆ ಭಾಗದ ಚಿತ್ರಗಳಲ್ಲಿ ಕಡಲು ಕಾಣಿಸುತ್ತದೆ, ಹಿಂದಿನ ಒಣ ಗುಡ್ಡ ಕಾಣಿಸುವುದಿಲ್ಲ.

ಮೊದಲು ದ್ವೀಪದ ಅಳತೆಯನ್ನು ಹೇಳುತ್ತೇನೆ. ಉಳಿದದ್ದೆಲ್ಲ ಅದರಿಂದಲೇ ಹುಟ್ಟುತ್ತದೆ. ರಿಯೂನಿಯನ್ ಇರುವುದು ಹಿಂದೂ ಮಹಾಸಾಗರದಲ್ಲಿ, ಮಡಗಾಸ್ಕರ್‌ನ ಪೂರ್ವಕ್ಕೆ, ಮಾರಿಷಸ್‌ಗೆ ನೆರೆಮನೆ. ಆಡಳಿತ ಫ್ರಾನ್ಸ್‌ನದು. ವಿಸ್ತೀರ್ಣ ಸುಮಾರು 2,512 ಚದರ ಕಿಲೋಮೀಟರ್, ಅಂದರೆ ಚಿತ್ರದುರ್ಗ ಜಿಲ್ಲೆಯ ಮೂರನೇ ಒಂದು ಭಾಗವೂ ಇಲ್ಲ. ಅಷ್ಟು ಜಾಗದ ನಡುವೆ ಪಿಟೋನ್ ದೆ ನೇಜ್ ಎಂಬ ಶಿಖರ 3,070 ಮೀಟರ್ ಎತ್ತರಕ್ಕೆ ಎದ್ದಿದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಎರಡು ಸಾವಿರ ಮೀಟರನ್ನೂ ಮುಟ್ಟುವುದಿಲ್ಲ ಎಂಬುದನ್ನು ನೆನಪಿಡಿ. ಶಿಖರದಿಂದ ಕಡಲಿಗೆ ನೇರ ಗೆರೆ ಎಳೆದರೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರಿನೊಳಗೆ ಮುಗಿದುಹೋಗುತ್ತದೆ. ಇದು ನೀರಿನ ಮೇಲಿನ ಲೆಕ್ಕ ಮಾತ್ರ. ಬೆಟ್ಟದ ಬುಡ ಇರುವುದು ಸುಮಾರು 4,000 ಮೀಟರ್ ಆಳದ ಕಡಲತಳದಲ್ಲಿ. ತಳದಿಂದ ಅಳೆದರೆ ಏಳು ಕಿಲೋಮೀಟರ್ ಎತ್ತರದ ಬೆಟ್ಟ. ನಾವು ದ್ವೀಪ ಎಂದು ಕರೆಯುವುದು ಅದರ ತುದಿಯನ್ನು.

ಈ ತುದಿಗೆ ವರ್ಷದ ಬಹುಪಾಲು ದಿನ ಆಗ್ನೇಯ ದಿಕ್ಕಿನಿಂದ ವಾಣಿಜ್ಯ ಮಾರುತ ಬೀಸುತ್ತದೆ. ಸಾವಿರಾರು ಕಿಲೋಮೀಟರ್ ಬರಿಯ ನೀರಿನ ಮೇಲೆ ತೇವ ಕುಡಿಯುತ್ತ ಬಂದ ಗಾಳಿ ಅದು. ಎದುರಿಗೆ ಗೋಡೆ ಸಿಕ್ಕಾಗ ಮೇಲೇರಲೇಬೇಕು. ಮೇಲೇರಿದರೆ ತಣಿಯುತ್ತದೆ, ತಣಿದರೆ ಹೊತ್ತ ನೀರನ್ನು ಇಳಿಸುತ್ತದೆ. ಹೀಗಾಗಿ ಪೂರ್ವದ ಇಳಿಜಾರಿನ ಕೆಲವು ಕಡೆ ವರ್ಷಕ್ಕೆ 10,000 ಮಿಲಿಮೀಟರ್ ದಾಟುವಷ್ಟು ಮಳೆ. ಬೆಟ್ಟವನ್ನು ದಾಟಿ ಪಶ್ಚಿಮಕ್ಕೆ ಇಳಿಯುವ ಹೊತ್ತಿಗೆ ಗಾಳಿಯ ಕೈ ಬರಿದಾಗಿರುತ್ತದೆ. ಸೇನ್-ಜಿಲ್ ಸುತ್ತಿನ ಕಡಲಂಚಿಗೆ ಸಿಗುವ ಮಳೆ ಹೆಚ್ಚುಕಡಿಮೆ ನಮ್ಮ ದುರ್ಗಕ್ಕೆ ಸಿಗುವಷ್ಟೇ, 600 ಮಿಲಿಮೀಟರಿನ ಆಸುಪಾಸು.

ದಿಕ್ಕನ್ನು ತಿರುಗಿಸಿದರೆ ಇದು ನಮ್ಮದೇ ಕಥೆ. ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ಗಾಳಿ ಸಹ್ಯಾದ್ರಿಗೆ ಬಡಿದು ಆಗುಂಬೆಯಲ್ಲಿ ಏಳೆಂಟು ಸಾವಿರ ಮಿಲಿಮೀಟರ್ ಸುರಿಸುತ್ತದೆ. ಅಲ್ಲಿಂದ ನೇರಕ್ಕೆ ಸುಮಾರು 160 ಕಿಲೋಮೀಟರ್ ಪೂರ್ವಕ್ಕಿರುವ ದುರ್ಗಕ್ಕೆ ತಲುಪುವಾಗ ಉಳಿಯುವುದು ಗಾಳಿ ಮಾತ್ರ. ಆಷಾಢದಲ್ಲಿ ಜೋಗಿಮಟ್ಟಿಯ ಮೇಲೆ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಲೆಯ ಮೇಲೆ ಮೋಡಗಳು ಪೂರ್ವಕ್ಕೆ ಓಡುತ್ತಿರುತ್ತವೆ, ಪಂಚೆ ಹಾರಿಹೋಗುವಂಥ ಗಾಳಿ, ಒಂದು ಹನಿ ನೆಲಕ್ಕೆ ಬೀಳುವುದಿಲ್ಲ. ಜಿಲ್ಲೆಯ ಗುಡ್ಡಗಳ ತುಂಬ ಗಾಳಿಯಂತ್ರಗಳು ನಿಂತಿರುವುದು ಈ ಬರಿಗೈ ಮುಂಗಾರಿನಿಂದಲೇ. ಮಳೆ ಕೊಡದ ಗಾಳಿಯಿಂದ ವಿದ್ಯುತ್ತನ್ನಾದರೂ ತೆಗೆಯೋಣ ಎಂದು ಯಾರೋ ಜಾಣತನ ತೋರಿದ್ದಾರೆ. ನಮ್ಮಲ್ಲಿ ಆಗುಂಬೆಯಿಂದ ಚಳ್ಳಕೆರೆಯವರೆಗೆ ಹರಡಿಕೊಂಡಿರುವ ವ್ಯತ್ಯಾಸವೆಲ್ಲ ರಿಯೂನಿಯನ್‌ನಲ್ಲಿ ಒಂದು ಬೆಳಗಿನ ಬಸ್ ಪ್ರಯಾಣದೊಳಗೆ ಕಾಣುತ್ತದೆ. ನನಗೆ ಆ ದ್ವೀಪ ಮೆಚ್ಚುಗೆಯಾಗುವುದು ಇದಕ್ಕೇ. ಜಲಪಾತಗಳೇನೋ ಚೆಂದವೇ, ಆದರೆ ಜಲಪಾತ ಎಲ್ಲ ಕಡೆ ಇದೆ.

ಮಳೆಯ ವಿಷಯದಲ್ಲಿ ಈ ದ್ವೀಪಕ್ಕೆ ಜಗತ್ತಿನ ದಾಖಲೆಗಳೇ ಇವೆ. 1966ರ ಜನವರಿ 7 ಮತ್ತು 8ರ ನಡುವಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ, ಒಂದು ಚಂಡಮಾರುತದ ವೇಳೆ, ಫಾಕ್-ಫಾಕ್ ಎಂಬಲ್ಲಿ 1,825 ಮಿಲಿಮೀಟರ್ ಮಳೆ ಬಿತ್ತು. ದುರ್ಗದಲ್ಲಿ ಮೂರು ವರ್ಷ ಸುರಿಯಬೇಕಾದದ್ದು ಒಂದು ಹಗಲು ಒಂದು ರಾತ್ರಿಯಲ್ಲಿ. 2007ರ ಫೆಬ್ರುವರಿಯಲ್ಲಿ ಗಮೇಡ್ ಚಂಡಮಾರುತ ಬಂದಾಗ ಕೊಮರ್ಸನ್ ಕುಳಿಯ ಬಳಿಯ ಮಾಪಕ ನಾಲ್ಕು ದಿನಗಳಲ್ಲಿ ಸುಮಾರು 4,900 ಮಿಲಿಮೀಟರ್ ತೋರಿಸಿತು. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳುವುದನ್ನು ನೋಡಲು 2022ರವರೆಗೆ ಕಾದವರು ನಾವು. ಈ ಅಂಕಿಗಳನ್ನು ಓದುವಾಗ ಸ್ವಲ್ಪ ಹೊಟ್ಟೆಕಿಚ್ಚಾಗುವುದು ಸಹಜ. ಆದರೆ ಅಂಥ ಮಳೆ ಬಿದ್ದಲ್ಲಿ ಸೇತುವೆ, ರಸ್ತೆ, ಬಾಳೆತೋಟ ಯಾವುದೂ ನೆಟ್ಟಗೆ ಉಳಿಯುವುದಿಲ್ಲ.

ಇಷ್ಟು ಹೇಳಿದ ಮೇಲೆ ಮಳೆಯಿದ್ದಲ್ಲೆಲ್ಲ ಹಸಿರು ಎಂದು ನೀವು ತೀರ್ಮಾನಿಸಿಬಿಡಬಹುದು. ಅದೂ ಪೂರ್ತಿ ಸರಿಯಲ್ಲ. ದಾಖಲೆಯ ಮಳೆ ಸುರಿದ ಆ ಕೊಮರ್ಸನ್ ಕುಳಿಯ ಪಕ್ಕದಲ್ಲೇ ಪ್ಲೇನ್ ದೆ ಸಾಬ್ಲ್ ಎಂಬ ಬಯಲಿದೆ. ಸಮುದ್ರಮಟ್ಟದಿಂದ 2,200 ಮೀಟರಿಗೂ ಮೇಲೆ. ರಸ್ತೆ ಒಂದು ಅಂಚಿನಿಂದ ಅದರೊಳಗೆ ಇಳಿಯುವಾಗ ಮಾತು ನಿಂತುಹೋಗುತ್ತದೆ. ಕೆಂಪು ಕಪ್ಪು ಮಿಶ್ರಿತ ಬೆಂಗಾಡು, ಅಲ್ಲೊಂದು ಇಲ್ಲೊಂದು ಬೂದುಬಣ್ಣದ ಪೊದೆ. ನೆಲದಲ್ಲಿರುವುದು ಜ್ವಾಲಾಮುಖಿ ಚಿಮ್ಮಿಸಿದ ಕಿಟ್ಟದ ಚೂರುಗಳು. ಕೈಯಲ್ಲಿ ಹಿಡಿದರೆ ದಾವಣಗೆರೆಯ ಮಂಡಕ್ಕಿಯಂತೆ ಹಗುರ, ಮೈತುಂಬ ತೂತು, ತುಳಿದರೆ ಗರಗರ ಸದ್ದು. ಎಷ್ಟು ಮಳೆ ಬಿದ್ದರೂ ನೀರು ನಿಲ್ಲದೆ ಕೆಳಗಿಳಿದುಹೋಗುತ್ತದೆ. ರಾತ್ರಿ ಚಳಿಗಾಲದಲ್ಲಿ ಇಬ್ಬನಿ ಹೆಪ್ಪುಗಟ್ಟುವುದೂ ಉಂಟು. ಬೇರಿಗೆ ಹಿಡಿಯಲು ಮಣ್ಣಿಲ್ಲ, ಮಣ್ಣಾಗಲು ಇನ್ನೂ ಕಾಲ ಕೂಡಿ ಬಂದಿಲ್ಲ.

ಹಾಗಾದರೆ ಲೆಕ್ಕದಲ್ಲಿ ಕಾಲವನ್ನೂ ಸೇರಿಸಿಕೊಳ್ಳಬೇಕು. ಅದನ್ನು ಕಣ್ಣಾರೆ ಕಾಣಲು ಗ್ರಾಂ ಬ್ರೂಲೆಗಿಂತ ಒಳ್ಳೆಯ ಜಾಗವನ್ನು ನಾನು ಬೇರೆಲ್ಲೂ ನೋಡಿಲ್ಲ. ದ್ವೀಪದ ಆಗ್ನೇಯ ಮೂಲೆಯಲ್ಲಿ ಪಿಟೋನ್ ದೆ ಲಾ ಫೂರ್ನೇಜ್ ಎಂಬ ಇನ್ನೊಂದು ಬೆಟ್ಟವಿದೆ, 2,632 ಮೀಟರ್. ಪಿಟೋನ್ ದೆ ನೇಜ್ ಸುಮಾರು ಹನ್ನೆರಡು ಸಾವಿರ ವರ್ಷಗಳಿಂದ ತಣ್ಣಗಿದೆ. ಫೂರ್ನೇಜ್ ಹಾಗಲ್ಲ. ಜಗತ್ತಿನ ಅತ್ಯಂತ ಚುರುಕಾದ ಜ್ವಾಲಾಮುಖಿಗಳಲ್ಲಿ ಒಂದು, ಕೆಲವು ವರ್ಷ ಒಂದಕ್ಕಿಂತ ಹೆಚ್ಚು ಬಾರಿ ಉಕ್ಕುತ್ತದೆ. ಒಳ್ಳೆಯದೆಂದರೆ ಅದು ಉಕ್ಕುವುದು ಹೆಚ್ಚಾಗಿ ಆಂಕ್ಲೋ ಫೂಕೆ ಎಂಬ ಕುದುರೆಲಾಳದ ಆಕಾರದ ದೊಡ್ಡ ಕುಸಿತದೊಳಗೆ. ಮೂರು ಕಡೆ ಬಂಡೆಯ ಗೋಡೆ, ಕಡಲಿನ ಕಡೆ ಬಾಯಿ ತೆರೆದಿದೆ. ಲಾವಾ ಹರಿದರೆ ಆ ಬಾಯಿಯ ಮೂಲಕ ಸಮುದ್ರದತ್ತ ಹರಿಯುತ್ತದೆ. ಆ ಇಳಿಜಾರೇ ಗ್ರಾಂ ಬ್ರೂಲೆ. ಕರಾವಳಿಯ ಹೆದ್ದಾರಿ ಇದನ್ನು ಅಡ್ಡಲಾಗಿ ಹಾಯುತ್ತದೆ. ಲಾವಾ ಬಂದಾಗಲೆಲ್ಲ ರಸ್ತೆ ಮುಚ್ಚಿಹೋಗುತ್ತದೆ, ತಣಿದ ಮೇಲೆ ಅದರ ಮೇಲೆಯೇ ಹೊಸ ರಸ್ತೆ ಹಾಕುತ್ತಾರೆ, ಬದಿಯಲ್ಲಿ ಆ ಹರಿವಿನ ಇಸವಿಯ ಫಲಕ ನೆಡುತ್ತಾರೆ.

ಆ ಫಲಕಗಳನ್ನು ಓದಿಕೊಂಡು ಹೋದರೆ ಪಾಠ ತಾನಾಗಿ ಸಿಗುತ್ತದೆ. 2007ರ ಹರಿವು ಹತ್ತಾರು ಮೀಟರ್ ದಪ್ಪ. ಒಳಗಿನ ಬಿಸಿ ಆರಲು ವರ್ಷಗಳೇ ಹಿಡಿದವು. ಮಳೆ ಬಿದ್ದಾಗಲೆಲ್ಲ ಅದರ ಬಿರುಕುಗಳಿಂದ ಹಬೆ ಏಳುತ್ತಿತ್ತು. ಅದರ ಮೇಲೆ ಮೊದಲು ಬಂದದ್ದು ಬೂದುಬಿಳಿಯ ಕಲ್ಲುಹೂವು. ದೂರದಿಂದ ನೋಡಿದರೆ ಕಪ್ಪು ಕಲ್ಲಿಗೆ ಬೂಷ್ಟು ಹಿಡಿದಂತೆ ಕಾಣುತ್ತದೆ. ಬಗ್ಗಿ ನೋಡಿದರೆ ಉಗುರಿನಷ್ಟೆತ್ತರದ ಸಣ್ಣ ಸಣ್ಣ ಕವಲುಗಳು, ಹವಳದ ಮರಿಯಂಥವು. ಮಣ್ಣಿಲ್ಲದೆಯೂ ಗಾಳಿಯ ತೇವದಲ್ಲೇ ಬದುಕಬಲ್ಲವು. ಅದರ ಆಮ್ಲ ಕಲ್ಲಿನ ಮೈಯನ್ನು ಮೆಲ್ಲಗೆ ಕೊರೆಯುತ್ತದೆ. ಬಿರುಕಿನಲ್ಲಿ ಅದರ ಪುಡಿ ಕೂಡಿಕೊಂಡಲ್ಲಿ ಜರೀಗಿಡ ಬೇರುಬಿಡುತ್ತದೆ. ಇನ್ನೂ ಹಳೆಯ ಇಸವಿಯ ಫಲಕಗಳ ಹತ್ತಿರ ಜರೀಗಿಡದ ಜೊತೆ ಪೊದೆಗಳು, ಎಳೆಯ ಮರಗಳು. ಹರಿವುಗಳ ನಡುವೆ ಲಾವಾ ತಪ್ಪಿಸಿಕೊಂಡುಳಿದ ಪಟ್ಟಿಗಳಲ್ಲಿ ಮಾತ್ರ ಹಳೆಯ ಕಾಡು. ಹಗಲಲ್ಲೂ ನೆರಳು ಕವಿದಿರುವಂಥದ್ದು, ಮರದ ಮೈಮೇಲೆಲ್ಲ ಪಾಚಿ ಮತ್ತು ಸೀತಾಳೆ. ಅಷ್ಟು ಮಳೆಯ ನಾಡಿನಲ್ಲೂ ಬೋಳು ಲಾವಾ ಆ ಹಂತಕ್ಕೆ ಬರಲು ಶತಮಾನಗಳು ಬೇಕು.

ಅದೇ 2007ರ ಏಪ್ರಿಲ್‌ನಲ್ಲಿ ಶಿಖರದ ಡೊಲೊಮ್ಯೂ ಕುಳಿ 300 ಮೀಟರಿಗೂ ಹೆಚ್ಚು ಕುಸಿದು ಕೆಳಗಿಳಿಯಿತು. ಒಳಗಿನ ಶಿಲಾರಸವೆಲ್ಲ ಪಕ್ಕದಿಂದ ಹರಿದುಹೋದಾಗ ಮೇಲಿನ ಚಾವಣಿಗೆ ಆಸರೆಯಿಲ್ಲದಂತಾಯಿತು. ಆ ಹರಿವು ಕಡಲನ್ನು ಸೇರಿ ದ್ವೀಪಕ್ಕೆ ಹೊಸ ನೆಲವನ್ನೂ ಸೇರಿಸಿತು. ಆ ಲಾವಾದಲ್ಲಿ ಆಲಿವಿನ್ ಎಂಬ ಖನಿಜದ ಹರಳುಗಳು ಹೇರಳವಾಗಿದ್ದವು. ಕಡಲು ಕುಟ್ಟಿ ಪುಡಿ ಮಾಡಿದ ಮೇಲೆ ಕಪ್ಪು ಮರಳಿನಲ್ಲಿ ಎಳೆಹಸಿರು ಹರಳುಗಳು ಮಿನುಗುವ ದಂಡೆ ಅಲ್ಲಿ ಕಾಣಿಸಿಕೊಂಡಿತು. ಒಂದು ಹಿಡಿ ಮರಳನ್ನು ಅಂಗೈಯಲ್ಲಿ ಹರಡಿ ಬಿಸಿಲಿಗೆ ಹಿಡಿದು ನೋಡಿ, ಆದರೆ ತುಂಬಿಕೊಂಡು ಬರಬೇಡಿ. 1977ರಲ್ಲಿ ಲಾವಾ ಗೋಡೆಯ ಹೊರಗೆ ಬಂದು ಪಿಟೋನ್-ಸೇಂತ್-ರೋಜ್ ಎಂಬ ಹಳ್ಳಿಯೊಳಗೆ ನುಗ್ಗಿತು. ಮನೆಗಳನ್ನು ಸುಟ್ಟು ಬಂದ ಹರಿವು ಅಲ್ಲಿನ ಇಗರ್ಜಿಯ ಬಾಗಿಲಲ್ಲಿ ಎರಡಾಗಿ ಒಡೆದು ಸುತ್ತುವರಿದು ನಿಂತಿತು. ಭಕ್ತರು ಪವಾಡ ಎನ್ನುತ್ತಾರೆ. ನಾನು ಭೂವಿಜ್ಞಾನಿ, ಆ ಬಗ್ಗೆ ವಾದಕ್ಕೆ ಹೋಗುವುದಿಲ್ಲ. ಈಗಲೂ ಕಪ್ಪು ಲಾವಾದ ನಡುವೆ ಆ ಕಟ್ಟಡ ನಿಂತಿದೆ.

ಇನ್ನು ನಿಮ್ಮ ಮಗಳ ಚಿತ್ರಗಳಲ್ಲಿರುವ ಕಡಿದಾದ ಹಸಿರು ಗೋಡೆಗಳು, ಅವುಗಳಿಂದ ಎಳೆ ಎಳೆಯಾಗಿ ಇಳಿಯುವ ಜಲಪಾತಗಳು. ಅವು ಹೆಚ್ಚಾಗಿ ಹಳೆಯ ಬೆಟ್ಟದ ಸುತ್ತಿನವು. ಪಿಟೋನ್ ದೆ ನೇಜ್‌ನ ಮೂರು ಬದಿಯಲ್ಲಿ ಮೂರು ದೊಡ್ಡ ಬೋಗುಣಿ ಕಣಿವೆಗಳಿವೆ: ಸಲಾಜಿ, ಸಿಲಾವೋಸ್, ಮಫಾತ್. ಇವು ಬಾಯಿ ತೆರೆದ ಜ್ವಾಲಾಮುಖಿ ಕುಳಿಗಳೆಂದು ಅನೇಕರು ತಿಳಿದಿರುತ್ತಾರೆ. ಅಲ್ಲ. ಹಳೆಯ ಬೆಟ್ಟ ಒಳಗೊಳಗೇ ಕೊಳೆತು, ಕುಸಿದು, ನದಿಗಳು ಕೊರೆದು ಆದದ್ದು ಇವು. ಬಿಸಿನೀರು ಮತ್ತು ಹಬೆ ಲಕ್ಷಾಂತರ ವರ್ಷ ಹರಿದಾಡಿದ ಬಸಾಲ್ಟ್, ಅಂದರೆ ಲಾವಾ ತಣಿದು ಆದ ಕಪ್ಪು ಕಲ್ಲು, ಮೆದುವಾಗುತ್ತದೆ. ಅಂಥದರ ಮೇಲೆ ಮೀಟರುಗಟ್ಟಲೆ ಮಳೆ ಸುರಿದರೆ ಬೆಟ್ಟದ ಬದಿಗಳೇ ಜಾರಿ ಬೀಳುತ್ತವೆ. ಯಾವ ಮಳೆ ದ್ವೀಪಕ್ಕೆ ಹಸಿರು ಉಡಿಸಿದೆಯೋ ಅದೇ ಮಳೆ ದ್ವೀಪವನ್ನು ಕಡಲಿಗೆ ಸಾಗಿಸುತ್ತಿದೆ. ಆಗ್ನೇಯದಲ್ಲಿ ಫೂರ್ನೇಜ್ ಕಟ್ಟುತ್ತಿದೆ, ವಾಯವ್ಯದಲ್ಲಿ ನದಿಗಳು ಕೆಡಹುತ್ತಿವೆ. ಈ ಶಿಖರಗಳು, ಬೋಗುಣಿಗಳು ಮತ್ತು ಬಂಡೆಗೋಡೆಗಳಿಗೆ ಯುನೆಸ್ಕೋ 2010ರಲ್ಲಿ ವಿಶ್ವಪರಂಪರೆಯ ಮಾನ್ಯತೆ ಕೊಟ್ಟಿತು.

ಮೂರರಲ್ಲಿ ಸಲಾಜಿ ಅತಿ ಹಸಿರು, ಪೂರ್ವಕ್ಕೆ ತೆರೆದಿರುವುದರಿಂದ ಗಾಳಿ ನೇರ ಒಳನುಗ್ಗುತ್ತದೆ. ಸಿಲಾವೋಸ್‌ಗೆ ಹೋಗುವ ರಸ್ತೆಗೆ ನಾನೂರು ತಿರುವುಗಳೆಂದು ಹೆಸರು. ಹೊಟ್ಟೆ ತೊಳಸುವವರು ಮಾತ್ರೆ ತೆಗೆದುಕೊಂಡು ಹೋಗಬೇಕು. ಅಲ್ಲಿ ಮಸೂರ ಬೇಳೆ ಬೆಳೆಯುತ್ತಾರೆ, ದ್ವೀಪದ ತುಂಬ ಅದಕ್ಕೆ ಬೇಡಿಕೆ. ಮಫಾತ್‌ಗೆ ರಸ್ತೆಯೇ ಇಲ್ಲ. ನಡೆದು ಹೋಗಬೇಕು, ಇಲ್ಲವೇ ಹೆಲಿಕಾಪ್ಟರ್. ಆದರೂ ಅದರೊಳಗಿನ ಸಣ್ಣ ಸಣ್ಣ ಸಮತಟ್ಟುಗಳಲ್ಲಿ ಜನ ವಾಸಿಸುತ್ತಾರೆ. ಕಬ್ಬು ಮತ್ತು ಕಾಫಿ ತೋಟಗಳಿಂದ ತಪ್ಪಿಸಿಕೊಂಡ ಗುಲಾಮರು ಮೊದಲು ಅಡಗಿದ್ದು ಇಂಥ ಕಣಿವೆಗಳಲ್ಲೇ. ಸಾವಿರ ಮೀಟರಿನ ಗೋಡೆ, ಒಳಬರಲು ಕೆಲವೇ ಕಿಂಡಿ. ಇಂಥ ನೆಲದ ಲಾಭವನ್ನು ದುರ್ಗದವರಿಗೆ ಹೇಳಿಕೊಡಬೇಕೆ? ಗುಲಾಮಗಿರಿ 1848ರ ಡಿಸೆಂಬರ್ 20ರಂದು ಅಲ್ಲಿ ಕೊನೆಗೊಂಡಿತು. ಆಮೇಲೆ ಕಬ್ಬಿನ ಕೆಲಸಕ್ಕೆ ದಕ್ಷಿಣ ಭಾರತದಿಂದ, ಮುಖ್ಯವಾಗಿ ತಮಿಳು ಸೀಮೆಯಿಂದ, ಕೂಲಿಯವರನ್ನು ಕರೆದೊಯ್ದರು. ಅವರ ಮರಿಮಕ್ಕಳ ಗೋಪುರವಿರುವ ಗುಡಿಗಳು, ಕೆಂಡ ಹಾಯುವ ಹಬ್ಬಗಳು ಪೂರ್ವ ತೀರದ ಕಬ್ಬಿನ ಗದ್ದೆಗಳ ನಡುವೆ ನಿಮಗೆ ಎದುರಾಗುತ್ತವೆ.

ಹಸಿರಿನ ಬಗ್ಗೆ ಒಂದು ಎಚ್ಚರಿಕೆ. ಕಂಡ ಹಸಿರೆಲ್ಲ ಅಲ್ಲಿನದೇ ಎಂದುಕೊಳ್ಳಬೇಡಿ. ಕೆಳಭಾಗದ ಹಸಿರು ಬಹುಪಾಲು ಕಬ್ಬು. ರಸ್ತೆ ಬದಿಯ ದಟ್ಟ ಪೊದೆಗಳಲ್ಲಿ ಹೊರಗಿನಿಂದ ಬಂದು ಹಬ್ಬಿದ ಪೇರಲದ ಜಾತಿ, ಮುಳ್ಳು ಬಳ್ಳಿಗಳೇ ಹೆಚ್ಚು. ಗ್ರಾಂ ಬ್ರೂಲೆಯ ಲಾವಾದ ಮೇಲೂ ನಮ್ಮ ಕರಾವಳಿಯಲ್ಲಿ ಕಾಣುವ ಸರ್ವೆ ಮರ ಬೇರೂರಿದೆ. ಅದೂ ಮನುಷ್ಯರೇ ತಂದದ್ದು. ಜೋಗಿಮಟ್ಟಿಯಲ್ಲಿ ಲಾಂಟಾನ, ಬಯಲಿನಲ್ಲಿ ಬಳ್ಳಾರಿ ಜಾಲಿ ಮಾಡಿರುವ ಕೆಲಸವನ್ನೇ ಇವು ಅಲ್ಲಿ ಮಾಡುತ್ತಿವೆ. ಮೂಲ ಕಾಡು ನೋಡಬೇಕೆಂದರೆ ಮೇಲೆ ಹೋಗಬೇಕು. ಬೇಬೂರ್ ಮತ್ತು ಬೇಲೂವ್ ಕಾಡುಗಳಲ್ಲಿ ಆಳೆತ್ತರವನ್ನು ಮೀರಿದ ಮರಜರೀಗಿಡಗಳಿವೆ. ಇನ್ನೂ ಮೇಲೆ ಮೋಡದೊಳಗೆ ನಿಂತ, ಬಾಗಿ ತಿರುಚಿಕೊಂಡ ಕಾಂಡದ ಒಂದು ಮರವಿದೆ, ಜಾಲಿಯ ಕುಲದ್ದು. ಇದರ ಹತ್ತಿರದ ನೆಂಟ ಇರುವುದು ಆಫ್ರಿಕದಲ್ಲೂ ಅಲ್ಲ, ಭಾರತದಲ್ಲೂ ಅಲ್ಲ, ಭೂಗೋಳದ ಆಚೆ ಬದಿಯ ಹವಾಯಿಯಲ್ಲಿ. ವಂಶವಾಹಿ ಪರೀಕ್ಷೆಯಲ್ಲಿ ಇದು ಖಚಿತವಾಗಿದೆ. ಬೀಜ ಅಷ್ಟು ದೂರ ಹೇಗೆ ಬಂತೆಂದು ಸಸ್ಯವಿಜ್ಞಾನಿಗಳು ತಲೆ ಕೆರೆದುಕೊಳ್ಳುತ್ತಾರೆ, ಕಡಲಹಕ್ಕಿಯ ಮೇಲೆ ಅನುಮಾನ. ನಮ್ಮಲ್ಲಿ ಕುರಿಗೂ ಬೇಡವಾದ ಕುಲವೆಂದು ಜಾಲಿಯನ್ನು ಹೀಗಳೆಯುವವರು ಆ ಮರದ ಕೆಳಗೊಮ್ಮೆ ನಿಲ್ಲಬೇಕು.

ಈಗ ಮರಡಿಹಳ್ಳಿ. ಐಮಂಗಲದ ಸಮೀಪದ ಆ ಗುಡ್ಡದಲ್ಲಿರುವುದು ಲಾವಾ ಎಂಬುದು ನಿಜ, ಅದೂ ಸಾಮಾನ್ಯ ಲಾವಾ ಅಲ್ಲ. ಅದು ದಿಂಬು ಲಾವಾ. ನೀರಿನೊಳಗೆ ಉಕ್ಕಿದ ಶಿಲಾರಸದ ಹೊರಮೈ ತಕ್ಷಣ ತಣಿದು ಚರ್ಮಗಟ್ಟುತ್ತದೆ, ಒಳಗಿನದು ಆ ಚರ್ಮವನ್ನು ಸೀಳಿ ಇನ್ನೊಂದು ಉಂಡೆಯಾಗಿ ಹೊರಬರುತ್ತದೆ. ಹೀಗೆ ಉಂಡೆಯ ಮೇಲೆ ಉಂಡೆ. ನನ್ನ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಾಗ ಮೊದಲು ಕೇಳುತ್ತಿದ್ದುದು, ಇದರಲ್ಲಿ ಆಕಾಶ ಯಾವ ಕಡೆಗಿತ್ತು ಎಂದು. ಬಂಡೆಯ ಮೈಯನ್ನು ಗಮನವಿಟ್ಟು ನೋಡಿ. ಪ್ರತಿ ದಿಂಬಿನ ಒಂದು ಬದಿ ಉಬ್ಬಿ ದುಂಡಗಿರುತ್ತದೆ, ಇನ್ನೊಂದು ಬದಿಯಲ್ಲಿ ಚೂಪಾದ ಬಾಲವೊಂದು ಕೆಳಗಿನ ಎರಡು ದಿಂಬುಗಳ ಸಂದಿಯೊಳಗೆ ಇಳಿದಿರುತ್ತದೆ. ಉಬ್ಬಿದ್ದು ಮೇಲು, ಬಾಲ ಕೆಳಗು. ಅಂಚಿನ ಗೆರೆ ನಡುವಿಗಿಂತ ನಯ, ಏಕೆಂದರೆ ನೀರು ತಾಗಿದ ಕ್ಷಣದಲ್ಲೇ ಹೆಪ್ಪುಗಟ್ಟಿದ ಭಾಗ ಅದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ.

ಈ ದಿಂಬುಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಅವು ತಣಿಯುವಾಗ ದುರ್ಗದ ಜಾಗದಲ್ಲಿ ಕಡಲಿತ್ತು. ನೆಲದ ಮೇಲೆ ಒಂದೇ ಒಂದು ಗಿಡವೂ ಜಗತ್ತಿನಲ್ಲೆಲ್ಲೂ ಇರಲಿಲ್ಲ. ನೆಲಕ್ಕೆ ಗಿಡಗಳು ಬಂದದ್ದು ಅದಾಗಿ 200 ಕೋಟಿ ವರ್ಷಗಳ ನಂತರ. ಅಷ್ಟರಲ್ಲಿ ಈ ಲಾವಾ ಆಳಕ್ಕೆ ಹೂತುಹೋಗಿ, ಬೆಂದು, ಮಡಚಿ, ಮತ್ತೆ ಮೇಲೆ ಬಂದಿತ್ತು. ಬೇಯುವಾಗ ಅದರಲ್ಲಿ ಕ್ಲೋರೈಟ್ ಎಂಬ ಹಸಿರು ಖನಿಜ ಬೆಳೆದು ಕಲ್ಲಿಗೇ ಮಾಸಲು ಹಸಿರು ಬಂದಿದೆ. ಬೆಟ್ಟವಾಗಿದ್ದದ್ದೆಲ್ಲ ಎಂದೋ ಸವೆದುಹೋಗಿದೆ. ಅಂದರೆ ಗಾಳಿಯನ್ನು ತಡೆಯುವ ಎತ್ತರ ಉಳಿದಿಲ್ಲ. ಉಳಿದಿದ್ದರೂ ಏನು, ಸಹ್ಯಾದ್ರಿ ಮುಂದೆ ನಿಂತು ನೀರನ್ನು ಮೊದಲೇ ಇಸಿದುಕೊಂಡಿರುತ್ತದೆ. ಜೋಗಿಮಟ್ಟಿ 1,300 ಮೀಟರ್ ದಾಟಿರುವುದಕ್ಕೆ ಅಲ್ಲಿ ಮಾತ್ರ ಮಂಜು ಕವಿಯುತ್ತದೆ, ಸುತ್ತಲಿನ ಬಯಲಿಗಿಂತ ಕಾಡು ಸ್ವಲ್ಪ ದಟ್ಟವಾಗಿದೆ. ಎತ್ತರದ ಮಹಿಮೆ ನಮ್ಮಲ್ಲೂ ಅಷ್ಟರಮಟ್ಟಿಗೆ ನಡೆಯುತ್ತದೆ.

ಮಣ್ಣಿನ ವಿಷಯಕ್ಕೆ ಬಂದರೆ ನಮ್ಮ ಹಳೆಯ ಲಾವಾ ಏನೂ ಮೋಸ ಮಾಡಿಲ್ಲ. ಕೋಟೆಯ ಗ್ರಾನೈಟ್ ಕರಗಿದರೆ ಸಿಗುವುದು ಮರಳು ಮಿಶ್ರಿತ ಕೆಂಪು ನೆಲ. ಹಸಿರುಗಲ್ಲಿನಂಥ ಕಬ್ಬಿಣ, ಸುಣ್ಣದಂಶ ಹೆಚ್ಚಿರುವ ಕಲ್ಲು ಕರಗಿದ ಕಡೆ ಎರೆ. ಹಿರಿಯೂರು, ಚಳ್ಳಕೆರೆ ಸೀಮೆಯ ಎರೆ ಹೊಲಗಳು ನಿಮಗೆ ಗೊತ್ತೇ ಇವೆ. ಅಲ್ಲಿ ಒಂದು ಹದ ಮಳೆ ಬಿದ್ದ ವರ್ಷ ಏನಾಗುತ್ತದೆ ನೋಡಿ. ಮರಡಿಹಳ್ಳಿಯ ಮಟ್ಟಿಗೆ ಕಾಲ ಬೇಕಾದಷ್ಟಾಗಿದೆ, ಮಳೆಯಿಲ್ಲ. ಪ್ಲೇನ್ ದೆ ಸಾಬ್ಲ್‌ಗೆ ಮಳೆ ಬೇಕಾದಷ್ಟಿದೆ, ಕಾಲ ಸಾಲದು. ನಿಮ್ಮ ಮಗಳ ಚಿತ್ರದಲ್ಲಿರುವುದು ಎರಡೂ ಕೂಡಿದ ಜಾಗ.

ದುರ್ಗದ ಲಾವಾವನ್ನು ದಖ್ಖನ್ ಲಾವಾದೊಂದಿಗೆ ಬೆರೆಸುವವರು ಇದ್ದಾರೆ. ದಖ್ಖನ್ ಲಾವಾ ಇರುವುದು ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆ. ವಯಸ್ಸು ಸುಮಾರು 6.6 ಕೋಟಿ ವರ್ಷ. ಮರಡಿಹಳ್ಳಿಗೆ ಹೋಲಿಸಿದರೆ ನಿನ್ನೆ ಮೊನ್ನೆಯದು. ಆದರೆ ರಿಯೂನಿಯನ್‌ಗೂ ಕರ್ನಾಟಕಕ್ಕೂ ರಕ್ತಸಂಬಂಧ ಇರುವುದು ಈ ಉತ್ತರದ ಜಿಲ್ಲೆಗಳ ಮೂಲಕವೇ. ಭೂಮಿಯ ಆಳದಿಂದ ಬಿಸಿ ಮೇಲೇರುವ ಒಂದು ಒಲೆ ಇದೆ ಎನ್ನೋಣ. ಅದು ಹೆಚ್ಚು ಕದಲುವುದಿಲ್ಲ, ಮೇಲಿನ ಭೂಫಲಕ ಸರಿಯುತ್ತದೆ. ಭಾರತ ಆ ಒಲೆಯ ಮೇಲೆ ಹಾಯ್ದಾಗ ದಖ್ಖನ್ ಲಾವಾ ಉಕ್ಕಿತು. ಭಾರತ ಉತ್ತರಕ್ಕೆ ಸರಿದಂತೆ ಅದೇ ಒಲೆ ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್ ಸಾಲಿನ ಬುಡವನ್ನು ಕಟ್ಟಿತು, ಆಮೇಲೆ ಮಾರಿಷಸ್ಸನ್ನು, ಈಗ ರಿಯೂನಿಯನ್ನನ್ನು. ಬಹುತೇಕ ಭೂವಿಜ್ಞಾನಿಗಳು ಒಪ್ಪಿರುವ ವಿವರಣೆ ಇದು. ವಿಜಯಪುರದ ಕಪ್ಪು ಕಲ್ಲೂ ಫೂರ್ನೇಜ್‌ನಲ್ಲಿ ಈಗ ಹರಿಯುವ ಲಾವಾವೂ ಒಂದೇ ಒಲೆಯವು.

ಈ ಸಾಲನ್ನು ವಯಸ್ಸಿನ ಕ್ರಮದಲ್ಲಿ ನೋಡಿದರೆ ಹಸಿರು ದ್ವೀಪದ ಭವಿಷ್ಯವೂ ತಿಳಿಯುತ್ತದೆ. ಮಾರಿಷಸ್ ಹಿರಿಯದು, ಸವೆದು ತಗ್ಗಿದೆ. ಅದರ ಅತಿ ಎತ್ತರದ ಜಾಗ 828 ಮೀಟರ್. ಮಾಲ್ಡೀವ್ಸ್ ಇನ್ನೂ ಹಿರಿಯದು. ಅಲ್ಲಿನ ಲಾವಾ ಬೆಟ್ಟಗಳು ಪೂರ್ತಿ ಮುಳುಗಿಹೋಗಿ, ಅವುಗಳ ಮೇಲೆ ಬೆಳೆದ ಹವಳದ ದಿಣ್ಣೆಗಳಷ್ಟೇ ನೀರಿನ ಮೇಲಿವೆ. ರಿಯೂನಿಯನ್ ಎತ್ತರವಾಗಿ ನಿಂತಿರುವುದು ಅದು ಎಳೆಯದಾದ್ದರಿಂದ. ಸುಮಾರು ಇಪ್ಪತ್ತು ಲಕ್ಷ ವರ್ಷಗಳ ಹಿಂದೆ ನೀರಿನಿಂದ ಮೇಲೆದ್ದ ಕೂಸು ಅದು.

ಅಷ್ಟು ಮಳೆಯ ದ್ವೀಪದಲ್ಲೂ ನೀರಿನ ಜಗಳವಿದೆ ಎಂದರೆ ನೀವು ನಂಬಲಿಕ್ಕಿಲ್ಲ. ಜನ ಮತ್ತು ಹೊಲ ಹೆಚ್ಚಿರುವ ಒಣ ಪಶ್ಚಿಮಕ್ಕೆ ನೀರು ಸಾಲದೆ, ಸಲಾಜಿ ಮತ್ತು ಮಫಾತ್ ಕಣಿವೆಗಳ ನದಿಗಳಿಂದ ಬೆಟ್ಟದ ಒಡಲಲ್ಲಿ ಸುರಂಗ ಕೊರೆದು ನೀರು ತಂದಿದ್ದಾರೆ. ಕೊರೆಯುವಾಗ ಒಳಗೆ ನೀರು ನುಗ್ಗಿ ಕೆಲಸ ವರ್ಷಗಟ್ಟಲೆ ಎಳೆದುಕೊಂಡು ಹೋಯಿತು. ಭದ್ರಾ ಮೇಲ್ದಂಡೆಯ ನೀರಿಗಾಗಿ ಅಜ್ಜಂಪುರದ ಸುರಂಗದ ಸುದ್ದಿಯನ್ನು ವರ್ಷಾನುಗಟ್ಟಲೆ ಓದಿದ ನಮಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ.

ಪ್ರವಾಸದ ಮಾತು ಚಿಕ್ಕದು. ಮೇ ತಿಂಗಳಿಂದ ನವೆಂಬರ್‌ವರೆಗೆ ಹೋಗಿ, ಅದು ಅಲ್ಲಿನ ತಂಪಾದ, ಮಳೆ ಕಡಿಮೆಯ ಕಾಲ. ಜನವರಿಯಿಂದ ಮಾರ್ಚ್ ಚಂಡಮಾರುತದ ಹೊತ್ತು, ಬೇಡ. ಬೆಟ್ಟಗಳನ್ನು ಬೆಳಿಗ್ಗೆಯೇ ನೋಡಿ ಮುಗಿಸಬೇಕು. ಮೈದೋ ಎಂಬ 2,200 ಮೀಟರ್ ಎತ್ತರದ ಅಂಚಿನಿಂದ ಮಫಾತ್ ಪೂರ್ತಿ ಕಾಣುತ್ತದೆ, ಆದರೆ ಹತ್ತು ಗಂಟೆ ದಾಟಿತೆಂದರೆ ಕೆಳಗಿನಿಂದ ಮೋಡ ಏರಿಬಂದು ಬಿಳಿ ಗೋಡೆಯೊಂದೇ ಉಳಿಯುತ್ತದೆ. ಬೇಲೂವ್ ಕಾಡಿನ ದಾರಿಯಲ್ಲಿ ನಡೆದರೆ ತ್ರೂ ದ ಫೇರ್ ಎಂಬ ಕಮರಿಯ ಜಲಪಾತಗಳ ಎದುರಿಗೆ ತಲುಪುತ್ತೀರಿ. ಕೆಸರು ಇರುತ್ತದೆ, ಚಪ್ಪಲಿಯಲ್ಲಿ ಹೋಗಬೇಡಿ. ಒಂದು ದಿನವನ್ನು ಪೂರ್ತಿಯಾಗಿ ಗ್ರಾಂ ಬ್ರೂಲೆಯ ಇಸವಿ ಫಲಕಗಳಿಗೆ ಇಡಿ, ಇನ್ನರ್ಧ ದಿನ ಪಶ್ಚಿಮದ ಒಣ ತೀರಕ್ಕೆ. ಫೂರ್ನೇಜ್ ಉಕ್ಕುವ ಸೂಚನೆ ಸಿಕ್ಕರೆ ಆಂಕ್ಲೋದ ದ್ವಾರವನ್ನು ಮುಚ್ಚಿಬಿಡುತ್ತಾರೆ. ಆಗ ಬೇಸರ ಮಾಡಿಕೊಳ್ಳದೆ ರಾತ್ರಿ ಅಂಚಿನ ಗೋಡೆಯ ಮೇಲಿನಿಂದಲೋ ಹೆದ್ದಾರಿಯಿಂದಲೋ ನೋಡಲು ಎಲ್ಲಿ ಬಿಡುತ್ತಾರೆ ಎಂದು ವಿಚಾರಿಸಿ. ಹೋಗುವ ದಾರಿ ಹೆಚ್ಚಾಗಿ ಮಾರಿಷಸ್ ಮೂಲಕ, ಅಲ್ಲಿಂದ ವಿಮಾನದಲ್ಲಿ ಮುಕ್ಕಾಲು ಗಂಟೆಯ ಆಸುಪಾಸು. ಫ್ರಾನ್ಸ್‌ನ ಭಾಗವಾದರೂ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಷೆಂಗನ್ ಪ್ರದೇಶದಲ್ಲಿ ರಿಯೂನಿಯನ್ ಇಲ್ಲ. ಮಗಳನ್ನು ನೋಡಲು ಪಡೆದ ವೀಸಾ ಇಲ್ಲಿಗೂ ನಡೆಯುತ್ತದೆ ಎಂದು ನಂಬಿಕೊಂಡು ಟಿಕೆಟ್ ಕೊಳ್ಳಬೇಡಿ, ಮೊದಲು ಫ್ರೆಂಚ್ ದೂತಾವಾಸದ ನಿಯಮಗಳನ್ನು ಓದಿಕೊಳ್ಳಿ.